ಚಂದ ಆತು, ಮಾದಿ

ಲೋಕೇಶ ಮೊಬೈಲನ್ನು ತಾಯಿಯ ಮೂಗಿಗೇ ಹಿಡಿದ. "ನೋಡು. ಊರಿಗೆ ಊರೇ ನೋಡ್ತಾ ಅದೆ, ನೀನೂ ನೋಡು."

ಮಾದಿ ಕೈಯಲ್ಲಿದ್ದ ಈರುಳ್ಳಿಯನ್ನು ಮಡಿಲಿಗೆ ಹಾಕಿಕೊಂಡು ಕಣ್ಣು ಕಿರಿದು ಮಾಡಿ ನೋಡಿದಳು. ಕುಮಟೆಯ ಹೆದ್ದಾರಿ ಬದಿಯ ಇದೇ ಚಪ್ಪರ, ಬಿದಿರು ಗಳಕ್ಕೆ ತೂಗುಹಾಕಿದ ಇದೇ ಈರುಳ್ಳಿ ಗೊಂಚಲು, ಅದರಡಿ ಕೂತು ಈರುಳ್ಳಿಯ ಒಣ ದಂಟು ಸೇರಿಸಿ ಗೊಂಚಲು ಹೆಣೆಯುತ್ತಿರುವವಳು ಅವಳೇ. ಯಾರೋ ಕಾರಿನ ಕಿಟಕಿಯಿಂದ ತೆಗೆದ ವಿಡಿಯೋ. ಪಕ್ಕದಲ್ಲಿ ನರಪಿಳ್ಳೆ ಇಲ್ಲ, ಬಾಯಿ ಮಾತ್ರ ಆಡುತ್ತಲೇ ಇತ್ತು. "ಹಾಂ, ಹಂಗೇ. ಅವಸರ ಬೇಡ. ಚಂದ ಆತು, ಮಾದಿ, ಚಂದ ಆತು." ಕೊನೆಯಲ್ಲಿ ಕಾರಿನೊಳಗಿನವರ ಕಿಸಕಿಸ ನಗು.

"ಮತ್ತೊಂದ್ಸಲ ಹಾಕು," ಅಂದಳು ಮಾದಿ.

"ಎಂತಕ್ಕೆ?"

"ನನ್ನ ಧ್ವನಿ ನಾ ಕೇಳಿದ್ದೇ ಇಲ್ಲ. ಚಲೋ ಅದೆ."

ಲೋಕೇಶನ ಮುಖ ಕೆಂಪಾಯಿತು. ಅವನ ಕಷ್ಟವೂ ಸಣ್ಣದಲ್ಲ. ಟೆಂಪೋ ಸ್ಟ್ಯಾಂಡಿನಲ್ಲಿ ಗಾಡಿ ಹಿಂದೆ ತೆಗೆದರೆ ಸಾಕು, ಜೊತೆಯವರು "ಚಂದ ಆತು, ಲೋಕೇಶ, ಚಂದ ಆತು" ಎಂದು ರಾಗ ಎಳೆಯುತ್ತಿದ್ದರು. ಇವತ್ತು ಅವನು ತೀರ್ಮಾನ ಮಾಡಿಯೇ ಬಂದಿದ್ದ. ಮಾಲು ತುಂಬಿಕೊಳ್ಳುವುದು, ಚಪ್ಪರ ಬಿಚ್ಚುವುದು, ತಾಯಿಯನ್ನು ಮನೆಯಲ್ಲಿ ಕೂರಿಸುವುದು. ಕೈಗೆ ಆಸರೆಯಾಗಲಿ ಎಂದು ಹೆಂಡತಿ ಗಾಯತ್ರಿಯನ್ನೂ ಕರೆತಂದಿದ್ದ. ಅವಳು ಆಗಲೇ ಬಿಡಿ ಈರುಳ್ಳಿಯನ್ನು ಗೋಣಿಗೆ ತುಂಬಿ ಬಾಯಿ ಕಟ್ಟುತ್ತಿದ್ದಳು.

"ನೀ ಇನ್ನು ಇಲ್ಲಿ ಕೂರುದು ಬೇಡ, ಅವ್ವಿ. ಶುಕ್ರವಾರ ತಲೆ ಡಾಕ್ಟ್ರ ಹತ್ರ ಹೋಗ್ವ."

ಮಾದಿ ಮಡಿಲಿನ ಈರುಳ್ಳಿಯ ಒಣ ಸಿಪ್ಪೆ ಉದುರಿಸಿದಳು. ಮಗನಿಗೆ ಎಲ್ಲಿಂದ ಶುರುಮಾಡಿ ಹೇಳುವುದು?

ಅವಳ ಗಂಡ ಕುಪ್ಪ ಕೈ ಎತ್ತಿದವನಲ್ಲ. ಆದರೆ ಅವಳು ಸಸಿ ನೆಟ್ಟರೂ, ಸಾರು ಮಾಡಿದರೂ, ಮಗುವನ್ನು ಎತ್ತಿಕೊಂಡರೂ ಅವನದು ಒಂದೇ ಮಾತು, "ಇದೊಂದು ಕೆಲ್ಸನಾ?" ಕುಪ್ಪ ಸತ್ತ, ಮಾತು ಸಾಯಲಿಲ್ಲ. ಅದು ಅವಳೊಳಗೇ ಬಿಡಾರ ಹೂಡಿ, ಬರಬರುತ್ತಾ ಅವಳದೇ ಧ್ವನಿಯಲ್ಲಿ ಆಡತೊಡಗಿತು. ಗಂಜಿಗೆ ಕೂತರೆ ಉಣ್ಣುವುದೊಂದು ಗೊತ್ತು ಎನ್ನುವುದು, ಮಲಗಿದರೆ ಬಿದ್ದುಕೊಳ್ಳುವುದೊಂದು ಗೊತ್ತು ಎನ್ನುವುದು. ಒಂದು ಮಳೆಗಾಲವಿಡೀ ಅವಳು ಚಾಪೆ ಬಿಟ್ಟು ಏಳಲಿಲ್ಲ. ಎದ್ದ ಒಂದು ದಿನ ಕೊಡ ಇಳಿಸದೆ ಬಾವಿಯೊಳಗೆ ಬಗ್ಗಿ ನೋಡುತ್ತಾ ನಿಂತುಬಿಟ್ಟಿದ್ದಳು. ಅವಳು ಬಾಯಿ ಬಿಡುತ್ತಿರಲಿಲ್ಲವಲ್ಲ, ಕೇರಿಯವರು ಮಾದಿ ಎಷ್ಟು ಸಮಾಧಾನದ ಹೆಂಗಸು ಎಂದು ಹೊಗಳಿದರು.

ಈರುಳ್ಳಿ ಕಾಲ ಬಂದಾಗ ಹೇಗೋ ಚಪ್ಪರಕ್ಕೆ ಬಂದು ಕೂತಳು. ಚಿಕ್ಕಂದಿನಿಂದ ಹೆಣೆದ ಕೈಗೆ ಹೆಣಿಗೆಯೇ ಮರೆತಂತಿತ್ತು. ಗೊಂಚಲು ಎತ್ತಿದರೆ ಈರುಳ್ಳಿ ಒಂದೊಂದೇ ಉದುರುವುದು, ಒಳಗಿನಿಂದ ಇದೊಂದು ಕೆಲ್ಸನಾ ಎನ್ನುವುದು. ಅದೆಲ್ಲಿತ್ತೋ ಸಿಟ್ಟು, ಗಟ್ಟಿಯಾಗಿ ಹೇಳಿಯೇಬಿಟ್ಟಳು. "ಹೌದು, ಇದು ಕೆಲ್ಸನೇ. ತಾಕತ್ತಿದ್ರೆ ನೀ ಮಾಡಿ ತೋರ್ಸು."

ಒಳಗಿನದು ಗಪ್‌ಚಿಪ್. ಮನಸ್ಸಿನಲ್ಲೇ ಎಷ್ಟು ಸಲ ಉತ್ತರ ಕೊಟ್ಟರೂ ಬಗ್ಗದ್ದು ಬಾಯಿಬಿಟ್ಟು ಹೇಳಿದ ಮಾತಿಗೆ ಬೆದರಿತು. ಆಮೇಲೆ ಮಾದಿ ಬಿಡಲಿಲ್ಲ. ಮೊದಮೊದಲು ಅದರ ಜೊತೆ ಜಗಳವಾಡಿದಳು, ಜಗಳ ತೀರಿದ ಮೇಲೆ ತನ್ನನ್ನೇ ಮಾತಾಡಿಸತೊಡಗಿದಳು. ಊಟ ರುಚಿಸಿತು, ನಿದ್ದೆ ಹತ್ತಿತು, ಕೈ ನೆಟ್ಟಗಾಯಿತು.

ಈಗ ಮಗನಿಗೆ ಇಷ್ಟೇ ಹೇಳಿದಳು, "ಡಾಕ್ಟ್ರ ಹತ್ರ ಬರ್ತೆ. ಅವ್ರು ಕೇಳಿದ್ದೆಲ್ಲ ಹೇಳ್ತೆ. ಚಪ್ಪರ ಮಾತ್ರ ಬಿಚ್ಚೂಕೆ ಕೊಡುದಿಲ್ಲ."

"ನಿಂಗೆ ಹೇಳಿ ಏನು ಸುಖ," ಎಂದು ಲೋಕೇಶ ಗೋಣಿಗೆ ಕೈ ಹಾಕಿ ಎತ್ತಿದ. ಕಟ್ಟಿದ ಹಗ್ಗ ಜಾರಿ ಈರುಳ್ಳಿ ರಸ್ತೆವರೆಗೂ ಉರುಳಿತು. ಅವನು ಹೆಂಡತಿಯ ಕಡೆ ತಿರುಗಿದ. "ಇದೊಂದು ಗಂಟಾ? ಒಂದು ಕೆಲ್ಸ ನೆಟ್ಟಗೆ ಮಾಡೂಕೆ ಬರುದಿಲ್ಲ ನಿಂಗೆ."

ಗಾಯತ್ರಿ ತುಟಿ ಬಿಗಿಹಿಡಿದು, ತಲೆ ತಗ್ಗಿಸಿ, ಈರುಳ್ಳಿ ಹೆಕ್ಕತೊಡಗಿದಳು. ಆ ಬಿಗಿಹಿಡಿದ ತುಟಿಯನ್ನು ಮಾದಿ ನೋಡಿದಳು. ಅಂಥ ಮಾತು ಎಲ್ಲಿ ಹೋಗಿ ಬಿಡಾರ ಹೂಡುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಾರು? ಮಡಿಲಿನ ಈರುಳ್ಳಿ ಕೆಳಗೆ ಬಿದ್ದರೂ ಲೆಕ್ಕಿಸದೆ ಎದ್ದು ನಿಂತಳು.

"ಲೋಕೇಶಾ, ಅದು ನಿನ್ನ ಅಪ್ಪನ ಮಾತು. ನಿನ್ನ ಬಾಯಲ್ಲಿ ಇನ್ನೊಂದ್ಸಲ ಬರಕೂಡ್ದು."

"ನಾ ಎಂತ ಅಂದೆ ಈಗ?"

"ನಾ ಬಾಯಿ ಮುಚ್ಕಂಡು ಸಾಯ್ತಾ ಇದ್ದಾಗ ಯಾರಿಗೂ ಹುಚ್ಚು ಕಾಣ್ಲಿಲ್ಲ. ಆ ಮಳೆಗಾಲದಲ್ಲಿ ಡಾಕ್ಟ್ರ ಹತ್ರ ಕರ್ಕಂಡು ಹೋಗಿದ್ರೆ ನಿನ್ನ ಕಾಲಿಗೆ ಬೀಳ್ತಿದ್ದೆ. ಈಗ ಬಾಯಿ ಬಿಟ್ಟು ಬದುಕ್ತೆ, ಅದು ನಿಂಗೆ ಹುಚ್ಚು."

"ಜನ ನಗ್ತಾರೆ, ಅವ್ವಿ." ಅವನ ಧ್ವನಿ ಇಳಿದಿತ್ತು.

"ನಗ್ಲಿ. ಆ ಗೊಂಚಲು ಎಳಿ."

"ಯಾವ್ದು?"

"ವಿಡಿಯೋದಾಗೆ ನಾ ಕಟ್ತಾ ಇದ್ದೆ ಅಲ, ಅದು. ಕಡೇದು. ನಿನ್ನ ಶಕ್ತಿ ಇದ್ದಷ್ಟು ಎಳಿ."

ಲೋಕೇಶ ಹಟಕ್ಕೆ ಬಿದ್ದು ಎಳೆದ. ಗಳ ಬಾಗಿತು, ಚಪ್ಪರದ ಸೋಗೆ ಜರಜರ ಅಂದಿತು, ಒಣ ಸಿಪ್ಪೆ ಅವನ ತಲೆಯ ಮೇಲೆಲ್ಲ ಉದುರಿತು. ಎರಡು ಕೈ ಸೇರಿಸಿ ಮತ್ತೆ ಎಳೆದ. ಒಂದು ಈರುಳ್ಳಿಯೂ ಕಳಚಿಕೊಳ್ಳಲಿಲ್ಲ.

"ಚಂದ ಆತು ಅಂದದ್ದು ಸುಳ್ಳಾ?" ಎಂದು ಕೇಳಿದಳು ಮಾದಿ.

ಅವನು ತಲೆ ಕೊಡವಿಕೊಂಡು ಹೋಗಿ ಟೆಂಪೋದಲ್ಲಿ ಕೂತ. ಗಾಡಿ ಚಾಲೂ ಮಾಡಲಿಲ್ಲ, ಬಾಗಿಲೂ ಹಾಕಿಕೊಳ್ಳಲಿಲ್ಲ.

ಗಾಯತ್ರಿ ಹೆಕ್ಕಿದ ಈರುಳ್ಳಿಯನ್ನು ಸೆರಗಿನಲ್ಲಿ ತಂದು ಅತ್ತೆಯ ಪಕ್ಕ ಸುರಿದಳು. ಹೋಗಲಿಲ್ಲ, ಅಲ್ಲೇ ಕೂತು ಒಂದೊಂದೇ ಸೇರಿಸಿ ಹೆಣೆಯತೊಡಗಿದಳು. ಮಾದಿ ಅಡ್ಡಬಾಯಿ ಹಾಕಲಿಲ್ಲ. ಗೊಂಚಲು ಸೊಟ್ಟಗೆ ಬಂತು, ಒಂದು ಕಡೆ ದಪ್ಪ, ಒಂದು ಕಡೆ ಬಡಕಲು. ಗಾಯತ್ರಿ ಅದನ್ನು ಮೇಲೆತ್ತಿ ಹಿಡಿದಳು. ಉದುರಲಿಲ್ಲ.

ಮಾದಿಯ ನಾಲಗೆ ತುದಿಗೆ ಚಂದ ಆತು ಎಂಬ ಮಾತು ಬಂದಿತ್ತು. ಅದನ್ನು ನುಂಗಿಕೊಂಡು, ಬೇರೆ ಕಡೆ ಮುಖ ಮಾಡಿ, ಈರುಳ್ಳಿ ಆರಿಸುತ್ತಾ ಕಾದಳು. ಹೆದ್ದಾರಿಯಲ್ಲಿ ಲಾರಿಯೊಂದು ಹಾದುಹೋಯಿತು. ಅದರ ಗದ್ದಲದೊಳಗೆ ಗಾಯತ್ರಿಯ ತುಟಿ ಅಲುಗಿತು. ಲಾರಿ ದಾಟಿ ಹೋದ ಮೇಲೂ ಅಲುಗುತ್ತಲೇ ಇತ್ತು.