ಇಪ್ಪತ್ತೆಂಟನೆಯ ಹೆಬ್ಬಟ್ಟು

“ಫೌಂಡ್ರಿ ಧೂಳಿನ್ಯಾಗ ಕಿವಿ ಮುಚ್ಚಿ ಹೋಗ್ಯಾವೇನ್ಲೇ ರಂಡಿ? ಅಧ್ಯಕ್ಷ ಬಂದ್ ನಿಂತಾನ, ನಿಂದಿನ್ನೂ ಬಾಂಡೆ ತಿಕ್ಕೂದ ಮುಗೀವಲ್ದು!”

ರಾವಸಾಬ ಹೊಸ್ತಿಲ ಹೊರಗೇ ನಿಂತಿದ್ದ. ಕುಪವಾಡದ ಫೌಂಡ್ರಿಗೆ ಆಳು ಕಳಿಸುವ ಠೇಕೇದಾರನೂ ಅವನೇ, ನಲವತ್ತೆರಡು ಮನೆಗಳ ಕಾರ್ಮಿಕರ ಸೊಸೈಟಿಗೆ ಅಧ್ಯಕ್ಷನೂ ಅವನೇ. ಕಾಡವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅವನು ಠರಾವಿನ ಪುಸ್ತಕವನ್ನೂ ಶಾಯಿಯ ಡಬ್ಬಿಯನ್ನೂ ಅವಳ ಕಾಲ ಬಳಿ ಎಸೆದ.

“ಒತ್ತು. ನಾಲಾದ ಆಚಿ ಜಾಗಾ ಸೊಸಾಯಟಿಗಿ ತಗೊಳಾಕತ್ತೀನಿ. ಕಚೇರಿಗಿ ಕಾಗದ ಕೊಡಾಕ ನಾಳೆ ಹನ್ನೊಂದs ಕಡೀ ಟೈಮ. ಇಪ್ಪತ್ತೇಳ ಮಂದಿ ಒತ್ತ್ಯಾರ. ಘಟನಾ ಅಡ್ಡ ಬಂದೈತಿ, ಇನ್ನೊಂದ ಬೇಕ.”

ಕಾಡವ್ವ ಗಾಬರಿಯಾದಳು. “ಎಂಥಾ ಘಟನಾರಿ ಸಾಹೇಬ್ರ? ಯಾರಿಗೇನಾತು?”

ರಾವಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ. “ಇನ್ನೂ ಏನೂ ಆಗಿಲ್ಲ. ಒತ್ತಲಿಲ್ಲಂದ್ರ ನಿನಗ ಆಗತೈತಿ.”

ಮಿರಜದ ಕಾಲೇಜಿನಲ್ಲಿ ಮರಾಠಿಯಲ್ಲಿ ಓದುವ ಮಗಳು ದಾನೇಶ್ವರಿ ಒಳಗಿನಿಂದ ಬಂದಳು. ಅವ್ವನ ಕನ್ನಡ ಅವಳ ಬಾಯಲ್ಲಿ ತಡವರಿಸುತ್ತಿತ್ತು.

“ಅಪಘಾತ ಅಲ್ಲವ್ವಾ. ಘಟನಾ ಮ್ಹಣಜೆ ಸೊಸಾಯಟಿದ ಕಾಯ್ದಾ. ಅಧ್ಯಕ್ಷಗ ಒಬ್ಬಗ ಹೊಸಾ ಜಾಗಾ ತಗೊಳೂ ಅಧಿಕಾರ ಇಲ್ಲ. ಮೂರರಾಗ ಎರಡ ಪಾಲ ಮಂದಿ ಹೂಂ ಅನಬೇಕ.”

“ಶಾಣ್ಯಾಕಿನ್ನ ಹಡದಿ,” ಎಂದ ರಾವಸಾಬ. “ಏ ಹುಡುಗಿ, ಆ ಘಟನಾ ನಾನs ಝೆರಾಕ್ಸ ಮಾಡ್ಸಿ ತಂದದ್ದು. ಕಾಡವ್ವ, ನಾಳೆ ಫೌಂಡ್ರಿ ಗೇಟಿನ್ಯಾಗ ಕಾಲಿಡಬೇಕಂದ್ರ ಒತ್ತು.”

“ಆಚಿ ಹನ್ನೊಂದ ಗುಡಸಲಾ ಅದಾವಲ್ರಿ. ಅವರೆಲ್ಲಿ ಹೋಗಬೇಕ್ರಿ?”

“ಬಂದಲ್ಲಿಗಿ. ನನ್ನ ಗೋದಾಮಿಗಿ ಜಾಗಾ ಬೇಕ. ಆ ಹೊಲಸ ಮಂದಿ ಬ್ಯಾಡ.”

ಕಾಡವ್ವ ಪುಸ್ತಕಕ್ಕೆ ಬಾಗಿದಳು. ದಾನೇಶ್ವರಿ “ಛೀ!” ಎಂದು ಒಳಗೆ ಹೋದಳು. ಅಷ್ಟರಲ್ಲಿ ರಾವಸಾಬನ ಫೋನು ಬಡಿದುಕೊಂಡಿತು. ಅವನು ಬೆನ್ನು ತಿರುಗಿಸಿ, ಮರಾಠಿಯಲ್ಲಿ ಯಾರನ್ನೋ ಬೈಯುತ್ತ ಬೈಕಿನವರೆಗೆ ನಡೆದ.

ಸಾಲಾಗಿ ಇಪ್ಪತ್ತೇಳು ಹೆಬ್ಬಟ್ಟುಗಳಿದ್ದವು. ಗೆರೆ ಎಣಿಸುವಷ್ಟು ಸ್ಪಷ್ಟ. ಕಾಡವ್ವ ಶಾಯಿಗೆ ಬೆರಳು ಅದ್ದಿ ಮೊದಲನೆಯದರ ಮೇಲೆ ಒತ್ತಿದಳು. ಎರಡನೆಯದರ ಮೇಲೂ ಒತ್ತಿದಳು. ಕೊನೆಯದನ್ನು ಮುಗಿಸುವ ಹೊತ್ತಿಗೆ ಯಾವುದು ಯಾರದೆಂದು ಒತ್ತಿದವರಿಗೂ ಗುರುತು ಹತ್ತದಂತಾಗಿತ್ತು. ತಾನೇ ಕಲಸಿಹೋದಂತೆ ಕಾಣಲೆಂದು ಹಸಿ ಶಾಯಿಯ ಮೇಲೇ ಪುಸ್ತಕ ಮುಚ್ಚಿದಳು.

“ಒತ್ತಿದಿ?” ಫೋನು ಮುಗಿಸಿ ಬಂದ ರಾವಸಾಬ ಕೇಳಿದ.

“ಒತ್ತೀನ್ರಿ. ಗಟ್ಟಿ ಒತ್ತೀನಿ.”

ಅವನು ತೆರೆದು ನೋಡಲಿಲ್ಲ. ಬಗಲಿಗೆ ಹಾಕಿಕೊಂಡು ಹೊರಟುಹೋದ.

ನಾಲೆಯ ಆಚೆ ದಂಡೆಯಲ್ಲಿ ಗುರುಶಾಂತವ್ವ ಕೊಡ ಹಿಡಿದು ನಿಂತಿದ್ದಳು. ತುಂಬಿದ ಬಸುರಿ ಕಾಡವ್ವ ಅಥಣಿ ಕಡೆಯಿಂದ ಬಂದಿಳಿದಾಗ ಒಳಗೆ ಕರೆದು ಬಾಣಂತನ ಮಾಡಿದವಳು ಅವಳೇ.

“ನೀನೂ ಒತ್ತಿದೇನ ಕಾಡವ್ವಾ? ನನ್ನ ಗುಡಸಲದಾಗ ಹಡದಿ, ಇವತ್ತ ಅದಕ್ಕs ಬೆಂಕಿ ಹಚ್ಚಿದಿ! ನಿನ್ನ ಕೈಗಿ ಹುಳಾ ಬೀಳ!” ಎಂದು ನಾಲೆಗೆ ಉಗುಳಿದಳು.

ಹೆಬ್ಬಟ್ಟುಗಳನ್ನು ಕೆಡಿಸಿದ್ದನ್ನು ಹೇಳಲು ಕಾಡವ್ವ ಬಾಯಿ ತೆರೆದಳು. ಒಂದೇ ಒಂದು ಮಾತು ಈ ನಾಲೆ ದಾಟಿದರೆ ರಾತ್ರಿಯೊಳಗೆ ಅದು ರಾವಸಾಬನ ಕಿವಿ ಮುಟ್ಟುತ್ತದೆ. ಬೆಳಗಾಗುವುದರೊಳಗೆ ಅವನು ಮನೆಮನೆಗೆ ಹೊಸ ಹಾಳೆ ತರುತ್ತಾನೆ. ಹನ್ನೊಂದಾದ ಮೇಲೆ ಹೇಳೋಣವೆಂದರೆ, ತಮ್ಮ ಕೂಲಿಗೆ ಕುತ್ತು ತಂದಳೆಂದು ಈಚೆಯ ಇಪ್ಪತ್ತೇಳು ಮನೆಗಳು ಅವಳನ್ನು ಉಳಿಸುವುದಿಲ್ಲ. ಒಳಗೆ ಗೋಡೆಗೆ ಮುಖ ಮಾಡಿ ಕೂತ ಮಗಳಿಗೂ ಹೇಳುವುದು ಬೇಡ. ಯಾರಿಗೂ ಬೇಡ.

“ಹೌದವ್ವಾ, ಒತ್ತೀನಿ,” ಎಂದು ಕೂಗಿ ಹೇಳಿ ಬಾಗಿಲು ಹಾಕಿಕೊಂಡಳು.