ಗವರ್ನರರ ಗುಮಾಸ್ತ

ಕೂಸಪ್ಪ ಮೌಸಿನ ಗಾಲಿ ಉರುಳಿಸಿ ಪರದೆಯ ಮೇಲಿನ ಹಳೆಯ ತಪಾಸಣೆ ಪುಸ್ತಕದ ಅಕ್ಷರಗಳನ್ನು ಇನ್ನಷ್ಟು ದೊಡ್ಡದು ಮಾಡಿದ. ಮೇ ತಿಂಗಳ ಸಾಲಿನ ಕೊನೆಗೆ ಶಾಯಿ ತೆಳುವಾಗುತ್ತ ಬಂದು, ಜೂನ್ ಸಾಲಿನ ಮೊದಲ ಮೂರು ಪದಗಳಲ್ಲಿ ಇನ್ನೂ ತೆಳುವಾಗಿ, ನಾಲ್ಕನೆಯದರಲ್ಲಿ ಒಮ್ಮೆಲೇ ಕಪ್ಪಗಾಗಿತ್ತು. ಬರೆದವನು ಲೇಖನಿಯನ್ನು ಮಸಿಕುಡಿಕೆಗೆ ಅದ್ದಿದ್ದು ಅಲ್ಲಿ. ಕೆಳಗಿಳಿದು ನೋಡಿದ. ಜುಲೈಯ ಶಾಯಿಯೂ ಹೀಗೇ ಆಗಸ್ಟಿನೊಳಗೆ ಹೋಗಿ ತೀರಿತ್ತು. ತಿಂಗಳಿಗೊಮ್ಮೆ ಬರೆದ ಪುಸ್ತಕವಾದರೆ ಪ್ರತಿ ತಿಂಗಳೂ ಹೊಸದಾಗಿ ಅದ್ದಿರಬೇಕಿತ್ತು. ಇದನ್ನು ಯಾರೋ ಒಂದೇ ದಿನ ಕೂತು, ಹದಿನಾಲ್ಕು ತಿಂಗಳನ್ನು ಒಟ್ಟಿಗೆ ಬರೆದು ಮುಗಿಸಿದ್ದರು.

ಅವನು ಕುರ್ಚಿಗೆ ಒರಗಿದ. ಎಸಿಯ ಗಾಳಿ ನೇರ ಕುತ್ತಿಗೆಗೆ ಹೊಡೆಯುತ್ತಿತ್ತು. ಗಾಜಿನ ಆಚೆ ಕೋಣೆಯಲ್ಲಿ ಹಸ್ಕಿನ್ಸ್ ಸಾಹೇಬರು ಗೋಡೆಯ ಫೋಟೋಗಳನ್ನು ಇಳಿಸಿ ಪೆಟ್ಟಿಗೆಗೆ ತುಂಬುತ್ತಿದ್ದರು. ಗಲ್ಫಿನ ದಹ್ರಾನಿನಲ್ಲಿ ಇಪ್ಪತ್ತೆರಡು ವರ್ಷ ಕಂಟ್ರಾಕ್ಟರ್ ಕಂಪನಿಯ ಮ್ಯಾನೇಜರಾಗಿದ್ದವರು ತಿಂಗಳ ಕೊನೆಗೆ ಅಮೆರಿಕಕ್ಕೆ ಮರಳುತ್ತಿದ್ದರು. ಹೋಗುವ ಮೊದಲು ಅವರಿಗೆ ಒಂದು ಪುಸ್ತಕ ಮುಗಿಸಬೇಕಿತ್ತು. ಅವರ ಮುತ್ತಜ್ಜನ ಅಪ್ಪ ನೂರ ನಲವತ್ತು ವರ್ಷದ ಹಿಂದೆ ಅಲ್ಲಿಯ ಒಂದು ರಾಜ್ಯಕ್ಕೆ ಗವರ್ನರ್ ಆಗಿದ್ದ. ಅವನ ಜೀವನಚರಿತ್ರೆಯನ್ನು ಸಾಹೇಬರು ಹೇಳುವುದು, ಅವರ ಆಫೀಸಿನ ಗುಮಾಸ್ತ ಕೂಸಪ್ಪ ಟೈಪು ಮಾಡುವುದು. ಎರಡು ವರ್ಷದಿಂದ ಊಟದ ಬಿಡುವೆಲ್ಲ ಇದಕ್ಕೇ ಹೋಗಿತ್ತು. "ಕೂಸ್" ಎಂದು ಅವರು ಪ್ರೀತಿಯಿಂದ ಕರೆಯುತ್ತಿದ್ದರು. ಐವತ್ತೆಂಟರ ಗಂಡಸಿಗೆ ಇದೆಂಥ ಹೆಸರೆಂದು ಊರಿನಲ್ಲಿ ಹೆಂಡತಿ ಪುಷ್ಪಾವತಿ ಫೋನಿನಲ್ಲೇ ಬಿದ್ದು ಬಿದ್ದು ನಕ್ಕಿದ್ದಳು.

ಆ ಗವರ್ನರನ ಹೆಸರಿಗೆ ಅಂಟದ ಮಸಿ ಇರಲಿಲ್ಲ. ಭಾವಮೈದುನನನ್ನು ನ್ಯಾಯಾಧೀಶನನ್ನಾಗಿ ಮಾಡಿದ್ದ, ಕುದುರೆ ಜೂಜಿನಲ್ಲಿ ಸಿಕ್ಕಿಬಿದ್ದಿದ್ದ, ಮೊದಲ ಹೆಂಡತಿ ಬದುಕಿರುವಾಗಲೇ ಇನ್ನೊಬ್ಬಳನ್ನು ಅರಮನೆಯಂಥ ಬಂಗಲೆಗೆ ತಂದಿದ್ದ. ಅವನ್ನೆಲ್ಲ ಸಾಹೇಬರು ನಗುನಗುತ್ತಲೇ ಬರೆಸಿದ್ದರು. ಬಗೆಹರಿಯದೆ ಉಳಿದದ್ದು ಒಂದು. ಗವರ್ನರ್ ಜೈಲಿನ ಕೈದಿಗಳನ್ನು ಕಲ್ಲಿದ್ದಲ ಗಣಿಗೆ ಗುತ್ತಿಗೆ ಕೊಟ್ಟಿದ್ದ. ಗಣಿಯಲ್ಲಿ ಅನಿಲ ಹೊತ್ತಿ ಹತ್ತೊಂಬತ್ತು ಮಂದಿ ಸತ್ತರು. ತಪಾಸಣೆಯೇ ನಡೆದಿಲ್ಲವೆಂದು ಶಾಸನಸಭೆ ಅವನನ್ನು ಪದವಿಯಿಂದ ಇಳಿಸಲು ಹೊರಟಾಗ ಅವನ ಗುಮಾಸ್ತ ಒಂದು ಪುಸ್ತಕ ತಂದು ಮೇಜಿನ ಮೇಲಿಟ್ಟ. ಅದರ ಪ್ರಕಾರ ಹದಿನಾಲ್ಕು ತಿಂಗಳೂ ತಪಾಸಣೆ ನಡೆದಿತ್ತು. ಕೊನೆಯ ಸಲ ಗಣಿಗೆ ಇಳಿಯಬಾರದೆಂದು ಎಚ್ಚರಿಕೆಯೂ ಇತ್ತು. ಕೈದಿಗಳೇ ಮಾತು ಮೀರಿ ಇಳಿದರೆಂದಾಯಿತು. ಗವರ್ನರ್ ಉಳಿದುಕೊಂಡ, ಹಾಸಿಗೆಯಲ್ಲಿ ಸುಖವಾಗಿ ಸತ್ತ, ಕಲ್ಲಿನ ಪ್ರತಿಮೆಯಾದ. ಆ ಪುಸ್ತಕದ ಚಿತ್ರಗಳು ಯಾವುದೋ ದಾಖಲೆಮನೆಯಿಂದ ನಿನ್ನೆಯಷ್ಟೇ ಬಂದಿದ್ದವು. ಅದೇ ಕೊನೆಯ ಅಧ್ಯಾಯ.

ಗುಮಾಸ್ತನ ಹೆಸರು ಎಲ್ಲಿಯೂ ಇರಲಿಲ್ಲ. ಆದರೆ ಅವನ ಕೈ ಕೂಸಪ್ಪನಿಗೆ ಗೊತ್ತಾಗಿಬಿಟ್ಟಿತ್ತು. ಅವಸರವಿಲ್ಲದ ದುಂಡು ಅಕ್ಷರ. ಎಲ್ಲಿಯೂ ಕಾಟು ಹೊಡೆದಿಲ್ಲ. ಪಾಪದವನು, ಒಂದೇ ಲೇಖನಿ ಬಳಸಿದ್ದ. ಕೂಸಪ್ಪ ಮೂರು ಪೆನ್ನು ಬಳಸಿದ್ದ.

ಅದು ಎರಡು ಸಾವಿರದ ಹನ್ನೊಂದರ ಮಾತು. ಟ್ಯಾಂಕು ತೊಳೆಯಲು ಇಳಿಯುವ ಮೊದಲು ಒಳಗೆ ವಿಷಾನಿಲ ಇದೆಯೇ ಎಂದು ಮೀಟರು ಇಳಿಸಿ ನೋಡಿ, ಹೊತ್ತನ್ನೂ ಅಂಕಿಯನ್ನೂ ಫಾರಮಿನಲ್ಲಿ ಬರೆದು, ಕೆಳಗೆ ಮ್ಯಾನೇಜರು ಸಹಿ ಹಾಕಬೇಕು. ಆ ಬೆಳಿಗ್ಗೆ ಮೀಟರು ಇಳಿಸಿರಲಿಲ್ಲ. ಆ ತಿಂಗಳು ಯಾವ ಬೆಳಿಗ್ಗೆಯೂ ಇಳಿಸಿರಲಿಲ್ಲ. ಹಸ್ಕಿನ್ಸ್ ಸಾಹೇಬರ ಸಹಿ ಮಾತ್ರ ಇತ್ತು. ಉಳ್ಳಾಲದ ರಝಾಕ್ ಇಳಿದವನು ಏಣಿಯ ನಾಲ್ಕನೆಯ ಮೆಟ್ಟಿಲಿನಿಂದ ಕೈಬಿಟ್ಟ, ಜೀವ ಸಹಿತ ಮೇಲೆ ಬರಲಿಲ್ಲ. ತನಿಖೆಯವರು ಬರುವ ಮುನ್ನ ಹಾಳೆಗಳು ಪೂರ್ತಿ ಇರಬೇಕು ಎಂದಷ್ಟೇ ಸಾಹೇಬರು ಹೇಳಿ ಬಾಗಿಲು ಹಾಕಿಕೊಂಡಿದ್ದರು. ಸುಳ್ಳು ಬರೆ ಎಂದು ಅವರು ಹೇಳಿರಲೇ ಇಲ್ಲ. ಕೂಸಪ್ಪ ಮೂರು ಪೆನ್ನುಗಳನ್ನು ಬದಲಿಸುತ್ತ ಇಡೀ ತಿಂಗಳನ್ನು ತುಂಬಿಸಿದ. ರಝಾಕನದಕ್ಕೆ ಹೊಸ ಫಾರಮನ್ನೇ ತೆಗೆದು, ವಿಷಾನಿಲ ಇದೆ, ಇಳಿಯಬಾರದು, ಏಳು ನಲವತ್ತು ಎಂದು ಬರೆದ. ಸಹಿ ಮಾತ್ರ ಇದ್ದ ಹಳೆಯದರ ಕಾರ್ಬನ್ ಪ್ರತಿಯನ್ನು ಹರಿಯಲು ಕೈ ಬರಲಿಲ್ಲ. ಅದು ಐದು ವರ್ಷದಿಂದ ಅವನ ಟ್ರಂಕಿನಲ್ಲಿ, ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಿನ ಕೆಳಗೆ ಮಲಗಿತ್ತು.

ಅವನು ಎದ್ದು ಗಾಜಿನ ಬಾಗಿಲು ತಟ್ಟಿದ. ಈ ಪುಸ್ತಕ ಒಂದೇ ದಿನ ಬರೆದದ್ದೆಂದು, ಶಾಯಿಯನ್ನು ತೋರಿಸಿ, ತನ್ನ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ. ಹಸ್ಕಿನ್ಸ್ ಸಾಹೇಬರು ಕನ್ನಡಕ ತೆಗೆದು ಅವನನ್ನೇ ನೋಡಿದರು. ಆಮೇಲೆ ನಕ್ಕು, ಒಳ್ಳೆಯ ಗುಮಾಸ್ತನ ಕೈ ದಿನಕ್ಕೊಂದು ಥರ ಇರುವುದಿಲ್ಲ ಕೂಸ್, ನಿನಗೇ ಗೊತ್ತಲ್ಲ ಎಂದರು. ಜೀವನಚರಿತ್ರೆಯ ಮೊದಲ ಪುಟದಲ್ಲಿ ಕೂಸಪ್ಪನ ಹೆಸರು ಹಾಕಿಸುವುದಾಗಿಯೂ ಹೇಳಿ, ಅದನ್ನು ಹೇಗೆ ಬರೆಯುವುದೆಂದು ಕೇಳಿದರು. ಕೂಸಪ್ಪ ಒಂದೊಂದೇ ಅಕ್ಷರ ಹೇಳಿದ. ಸಾಹೇಬರು ಬರೆದುಕೊಂಡರು.

ಮರುದಿನ ಶುಕ್ರವಾರ. ಜುಮಾ ನಮಾಜು ಮುಗಿದು ಅಂಗಡಿಗಳು ತೆರೆಯುವ ಹೊತ್ತಿಗೆ ಅವನು ಪಕ್ಕದ ಪೇಟೆ ಥುಕ್ಬಾಕ್ಕೆ ಹೋದ. ರಝಾಕನ ತಮ್ಮ ಕೋಯನ ಚಾ ಅಂಗಡಿ ಇದ್ದದ್ದು ಅಲ್ಲಿ. ಮೊದಲ ವರ್ಷ ಕೋಯ ಮೂರು ಸಲ ಕೆಲಸಗಾರರ ಕ್ಯಾಂಪಿಗೆ ಬಂದು, ಅಣ್ಣನ ಫಾರಮಿನ ಬೇರೆ ಪ್ರತಿ ಏನಾದರೂ ಉಂಟಾ ಎಂದು ಕೇಳಿದ್ದ. ದುಡ್ಡಿಗಲ್ಲ, ಊರಲ್ಲಿ ಅತ್ತಿಗೆ ಆಮಿನತ್ ಒಂದೇ ಮಾತು ಕೇಳುತ್ತಾಳೆ, ಬೇಡವೆಂದರೂ ಇವರು ಯಾಕೆ ಇಳಿದರು, ನಮ್ಮ ನೆನಪೇ ಆಗಲಿಲ್ಲವಾ ಅಂತ, ಎಂದಿದ್ದ. ಇಲ್ಲ ಎಂದಿದ್ದ ಕೂಸಪ್ಪ, ಮೂರು ಸಲವೂ. ಆಮೇಲೆ ಆ ಬೀದಿಯನ್ನೇ ಬಿಟ್ಟಿದ್ದ.

ಕೋಯ ಗ್ಲಾಸು ತೊಳೆಯುತ್ತಿದ್ದ. ತಲೆ ಪೂರ್ತಿ ನರೆತಿತ್ತು. "ಯಾರಿದು, ಕೂಸಪ್ಪಣ್ಣನಾ? ದಾರಿ ತಪ್ಪಿ ಬಂದದ್ದಾ ಮಾರಾಯ್ರೆ?" ಎಂದ. ಏನು ಬೇಕೆಂದು ಕೇಳದೆಯೇ ಹಾಲಿಲ್ಲದ ಸುಲೈಮಾನಿ ಚಾ ತಂದಿಟ್ಟ. ಕೂಸಪ್ಪ ಪ್ಲಾಸ್ಟಿಕ್ ಚೀಲದಿಂದ ಟ್ರಂಕಿನಲ್ಲಿದ್ದ ಆ ಹಾಳೆ ತೆಗೆದು ಬಿಚ್ಚಿ ಮೇಜಿನ ಮೇಲೆ ಹರಡಿದ. ಖಾಲಿ ಇದ್ದ ಜಾಗವನ್ನೂ ಅದರ ಕೆಳಗಿನ ಸಹಿಯನ್ನೂ ತೋರಿಸಿದ. ತಾನು ಆಮೇಲೆ ಏನು ಬರೆದೆ ಎಂಬುದನ್ನು ಒಂದನ್ನೂ ಬಿಡದೆ ಹೇಳಿದ. ಎಲ್ಲಿ ಬೇಕಾದರೂ ಬಂದು ಇದನ್ನೇ ಹೇಳುತ್ತೇನೆ, ಜೈಲಾದರೆ ಆಗಲಿ ಎಂದ. ಹೇಳುವಾಗ ಅವನ ದನಿ ಆಫೀಸಿನಲ್ಲಿ ಓದಿ ಹೇಳುವ ಹಾಗೆಯೇ ಇತ್ತು. ಅದಕ್ಕೆ ಅವನಿಗೇ ನಾಚಿಕೆಯಾಯಿತು.

ಕೋಯ ಕೂತು ಓದಿದ. ಎರಡನೆಯ ಸಲವೂ ಓದಿದ. ಒದ್ದೆ ಹೆಬ್ಬೆರಳಿಗೆ ಕಾರ್ಬನ್ನಿನ ನೀಲಿ ಹತ್ತಿತು.

"ನಮ್ಮ ಶಹೀರ್‌ಗೆ ವೀಸಾ ಆಯ್ತು, ಗೊತ್ತುಂಟಾ?" ಎಂದ ಕೊನೆಗೆ. "ಅಣ್ಣನ ಮಗ. ಇಪ್ಪತ್ತೊಂದು ಈಗ. ನಿಮ್ಮ ಕಂಪನಿದೇ ಖೋಬರ್ ಆಫೀಸಿಂದ ಆದದ್ದು. ನಿಮ್ಮ ಸಾಹೇಬರೇ ಲೆಟರ್ ಕೊಟ್ಟದ್ದು. ನಾಡಿದ್ದು ಡ್ಯೂಟಿಗೆ ಸೇರ್ತಾನೆ."

"ಎಂತ ಕೆಲಸ?"

"ಟ್ಯಾಂಕ್ ಕ್ಲೀನಿಂಗ್."

ಬೀದಿಯಲ್ಲಿ ನೀರಿನ ಲಾರಿ ಹಿಂದೆ ಸರಿಯುತ್ತ ಕೀರುತ್ತಿತ್ತು.

"ಕೋಯ, ಅವನನ್ನು ಅಲ್ಲಿಗೆ ಕಳಿಸ್ಬೇಡ."

"ಮತ್ತೆ ಎಲ್ಲಿಗೆ ಕಳಿಸುದು? ನೀವು ಕೆಲಸ ಕೊಡ್ತೀರಾ?" ಕೋಯನ ದನಿ ಏರಲಿಲ್ಲ. "ಅಪ್ಪ ಮಾತು ಕೇಳದೆ ಸತ್ತದ್ದು, ನಾನು ಕೇಳ್ತೇನೆ ಅಂತ ಹೇಳ್ತಾನೆ ಹುಡುಗ. ಆ ಸಾಹೇಬ ಅವನಿಗೆ ದೇವರ ಹಾಗೆ. ಈ ಕಾಗದ ಓದಿ ಯಾವ ಮುಖದಲ್ಲಿ ಒಳಗೆ ಹೋಗ್ಲಿ ಅವನು?"

"ಆಮಿನತ್‌ಗಾದ್ರೂ ಹೇಳುವ. ಅವರು ಕೇಳ್ತಿದ್ರಲ್ಲ."

"ಕೇಳ್ತಿದ್ದಳು. ಈಗ ಕೇಳುದಿಲ್ಲ. ಗಂಡನದ್ದೇ ತಪ್ಪು ಅಂತ ನಂಬಿ ನಂಬಿ, ಎರಡು ವರ್ಷದಿಂದ ಅವಳಿಗೆ ನಿದ್ದೆ ಬರ್ತದೆ."

ಕೋಯ ಹಾಳೆಯನ್ನು ಅದರ ಹಳೆಯ ಮಡಿಕೆಗಳಲ್ಲೇ ಜಾಗ್ರತೆಯಿಂದ ಮಡಚಿದ. ಮೇಜಿನ ಒದ್ದೆ ಅದಕ್ಕೆ ತಾಗದ ಹಾಗೆ ಎತ್ತಿ, ಕೂಸಪ್ಪನ ಮುಟ್ಟದ ಸುಲೈಮಾನಿಯ ಪಕ್ಕ ಇಟ್ಟ. ಬೆರಳಿನ ನೀಲಿಯನ್ನು ಬಟ್ಟೆಗೆ ಒರೆಸಿದ. ಅದು ಪೂರ್ತಿ ಹೋಗಲಿಲ್ಲ.

"ನಂಗೆ ಇದು ಬೇಡ ಕೂಸಪ್ಪಣ್ಣ," ಎಂದ. "ತಕ್ಕೊಂಡು ಹೋಗಿ."