ಕರಕರ ಇಲ್ಲದ ರೇಡಿಯೋ

ಹಿಂಬದಿಯ ಹಲಗೆ ಬಿಚ್ಚಿದ ಕೂಡಲೇ ರೇಡಿಯೋ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಬೀದಿಯವರ ಕೆಟ್ಟ ರೇಡಿಯೋಗಳನ್ನೆಲ್ಲ ರಿಪೇರಿ ಮಾಡಿ ಆ ಹೆಸರು ಗಳಿಸಿದವಳಿಗೆ ಸ್ವಂತ ಅಪ್ಪನ ಹಳೇ ವಾಲ್ವ್ ರೇಡಿಯೋ ಮಾತ್ರ ತೀರದ ತಲೆನೋವು. ಸ್ಟೇಷನ್ ಹಿಡಿಯುವ ಗ್ಯಾಂಗ್ ಕಂಡೆನ್ಸರಿನ ತೆಳು ತಗಡುಗಳ ನಡುವೆ ಎಣ್ಣೆ, ಎಣ್ಣೆಗೆ ಅಂಟಿದ ಧೂಳು, ಎರಡೂ ಕಲೆತ ಕರಿ ಜಿಡ್ಡು.

"ಅಪ್ಪಾ, ಮತ್ತೆ ಎಣ್ಣೆ ಬಿಟ್ಯಾ?"

"ತಿರುಗಿಸೋ ಗುಂಡಿ ಬಿಗಿಯಾಗಿತ್ತು. ಒಂದೇ ತೊಟ್ಟು."

ಅಪ್ಪ ದರ್ಜಿಯಾಗಿದ್ದವನು. ಕಣ್ಣು ಹೋಗಿ ಹೊಲಿಗೆ ನಿಂತರೂ ಮಿಷನ್ನಿನ ಎಣ್ಣೆಡಬ್ಬಿಯನ್ನು ಕೈಬಿಟ್ಟಿರಲಿಲ್ಲ. ಬಾಗಿಲ ಕೀಲು, ಕತ್ತರಿ, ಕಿಟಕಿಯ ಚಿಲಕ, ಬಿಗಿಯಾದದ್ದಕ್ಕೆಲ್ಲ ಅದೊಂದೇ ಮದ್ದು. ಹೇಳಿ ಹೇಳಿ ಅವಳ ಬಾಯಿ ಬತ್ತಿಹೋಗಿತ್ತು.

"ತಗಡಿಗೆ ಎಣ್ಣೆ ಸೋಕಬಾರದು ಅಂತ ಎಷ್ಟು ಸಲ ಬಡ್ಕೊಂಡಿದೀನಿ!"

"ಬಡ್ಕೊಂಡಿದೀಯ," ಎಂದು ಅಪ್ಪ ಒಪ್ಪಿಕೊಂಡ. ಇವನ ಹತ್ತಿರ ಜಗಳವಾಡುವುದಕ್ಕೂ ಆಗುವುದಿಲ್ಲ!

ಇಡೀ ಮಧ್ಯಾಹ್ನ ಅದಕ್ಕೇ ಹೋಯಿತು. ಸ್ಪಿರಿಟ್ಟಿನಲ್ಲಿ ಅದ್ದಿದ ಕುಂಚದಿಂದ ಜಿಡ್ಡು ತೊಳೆದಳು. ಒಂದು ತಗಡು ಬಾಗಿ ಪಕ್ಕದ್ದಕ್ಕೆ ತಾಗಿದರೂ ರೇಡಿಯೋ ಕೆಟ್ಟೀತು, ಆದ್ದರಿಂದ ಉಸಿರು ಬಿಗಿಹಿಡಿದು ತೆಳು ಕಾಗದ ತೂರಿಸಿ ಒರೆಸಿದಳು. ತಗಡುಗಳನ್ನು ತಿರುಗಿಸುವ ದಂಡವನ್ನು ಒತ್ತಿ ಹಿಡಿಯುವ ಸ್ಪ್ರಿಂಗಿನ ಕಿಲುಬು ಉಜ್ಜಿದಳು. ದಂಡದ ಬುಡದ ಬೇರಿಂಗ್ ಗುಂಡುಗಳಿಗೆ ಮಾತ್ರ ಕಡ್ಡಿಯ ತುದಿಯಲ್ಲಿ ಚೂರೇ ಚೂರು ಗ್ರೀಸ್ ಹಚ್ಚಿದಳು. ಗುಂಡಿ ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ತಿರುಗಿತು. ಕರಕರ ಅನ್ನುವ ಸದ್ದೇ ಇಲ್ಲ. ಸಿಟ್ಟಿನ ಜಾಗದಲ್ಲಿ ಸ್ವಲ್ಪ ಹೆಮ್ಮೆಯೂ ಬಂತು.

ಅಪ್ಪ ತಿರುಗಿಸಿದ. ಅತ್ತ ಹೋಯಿತು, ಇತ್ತ ಬಂತು, ಹಾಡಿನ ಬಾಲ, ಯಾರದೋ ಭಾಷಣ. ಅವನ ವಾರ್ತೆ ಸಿಗಲಿಲ್ಲ.

"ಏನು ಮಾಡಿಟ್ಟೆ ಇದಕ್ಕೆ?"

"ಸರಿ ಮಾಡಿಟ್ಟೆ!"

"ಮೊದಲು ಒಂದು ಕಡೆ ಕರಕರ ಅಂತಿತ್ತು. ಅದು ದಾಟಿ ಒಂಚೂರು ಮುಂದೆ ಹೋದ್ರೆ ವಾರ್ತೆ. ಈಗ ಎಲ್ಲಿ ಅಂತ ಹುಡುಕ್ಲಿ?"

ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. "ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?"

"ಚಪ್ಪಲಿ ಎಲ್ಲಿ ಅಂತ ಕೇಳ್ಬೇಕು, ಅಂಗಿ ಯಾವುದು ಅಂತ ಕೇಳ್ಬೇಕು. ಯಾರನ್ನೂ ಕೇಳದೆ ನಾನೇ ಮಾಡ್ತಿದ್ದಿದ್ದು ಇದೊಂದೇ ಕಣೆ."

ಮಧ್ಯಾಹ್ನದಿಂದ ಅಪ್ಪನನ್ನು ಬೈದದ್ದೆಲ್ಲ ಒಟ್ಟಿಗೆ ನೆನಪಾಗಿ ಸಂಕಟವಾಯಿತು. "ದಪ್ಪ ದಾರ ಇದೆಯಾ?" ಎಂದಳು.

ಅವಳು ವಾರ್ತೆಯ ಸ್ಟೇಷನ್ ಹಿಡಿದು ನಿಲ್ಲಿಸಿದಳು. ಅಪ್ಪ ಗುಂಡಿಯ ಸುತ್ತ ದಾರ ಬಿಗಿದು, ಹೆಬ್ಬೆರಳು ಕೂರುವ ಕಡೆ ಗಂಟು ಹಾಕಿದ. ದರ್ಜಿಯ ಗಂಟು, ಬಿಚ್ಚುವಂಥದ್ದಲ್ಲ. ಆಮೇಲೆ ತಾನೇ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ ವಾಪಸ್ ತಂದ. ಗಂಟು ಹೆಬ್ಬೆರಳಿನಡಿ ಬಂತು, ವಾರ್ತೆಯೂ ಬಂತು.

ಅಪ್ಪ ತಡವರಿಸಿ ಎಣ್ಣೆಡಬ್ಬಿ ಎತ್ತಿ ಅವಳತ್ತ ಚಾಚಿದ. "ನೀನೇ ಇಟ್ಕೋ. ಬೇಕಾದಾಗ ಕೇಳ್ತೀನಿ."

ಆ ಡಬ್ಬಿಯನ್ನು ಬಚ್ಚಲಿಗೆ ಎಸೆಯಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದವಳು ಅದನ್ನು ಅವನ ಕೈಯಲ್ಲೇ ಇಟ್ಟು ಬೆರಳು ಮಡಚಿದಳು.

"ಕೇಳೋದೇನೂ ಬೇಡ. ಬಾಗಿಲಿಗೆ ಬಿಟ್ಕೋ, ಕತ್ತರಿಗೆ ಬಿಟ್ಕೋ," ಎಂದಳು. "ರೇಡಿಯೋ ಹತ್ರ ಹೋದ್ರೆ ಮಾತ್ರ ನೋಡು ಮತ್ತೆ!"